ಏಳನೇ ಸಹಿ

ಯುಗಾದಿ ಕಳೆದು ಒಂದು ತಿಂಗಳಾಗಿರಬೇಕು. ಶನಿವಾರ ಬೆಳಿಗ್ಗೆ ಊರಿನ ಮನೆಯ ಜಗಲಿ ಮೇಲೆ ಕಾಫಿ ಕುಡೀತಾ ಕೂತಿದ್ದೆ. ಕೆಳಗಿನ ಕೇರಿಯ ಹಿರಿಯರೊಬ್ಬರು ಬಂದು ಮೆಟ್ಟಿಲ ಕೆಳಗೇ ನಿಂತರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ರಿಜಿಸ್ಟರ್ ಪೋಸ್ಟಲ್ಲಿ ಬಂದ ಲಕೋಟೆ.

"ಬುದ್ದೀ, ಇದೇನು ಒಸಿ ಓದಿ ಹೇಳಿ. ಪೋಸ್ಟ್‌ನೋರು ಸಹಿ ಹಾಕಿಸ್ಕೊಂಡು ಕೊಟ್ಟೋದ್ರು."

ಓದಿದೆ. ವಕೀಲರೊಬ್ಬರ ನೋಟಿಸು. ನಮ್ಮೂರ ನಾಟಕದ ರಾತ್ರಿ ಲೈಟು ಕಟ್ಟಿದ್ದ ಗಳುವಿನ ಅಟ್ಟಣೆ ಕುಸಿದು, ಲೈಟಿನವರ ಜೊತೆ ಬಂದಿದ್ದ ಹತ್ತೊಂಬತ್ತು ವರ್ಷದ ಹುಡುಗನ ತೊಡೆ ಮೂಳೆ ಮುರಿದಿತ್ತು. ಆಸ್ಪತ್ರೆ ಖರ್ಚು ಮತ್ತು ಪರಿಹಾರ ಕೊಡಿ, ಇಲ್ಲದಿದ್ದರೆ ದಾವೆ ಹೂಡುತ್ತೇವೆ ಅಂತ ಹುಡುಗನ ತಂದೆ ಪರವಾಗಿ ಬರೆದಿದ್ದರು. ಬರೆದದ್ದು ನಮ್ಮ ಸಂಘಕ್ಕೆ. ಆದರೆ 'ಪದಾಧಿಕಾರಿಗಳು' ಅಂತ ಬರೆದು ಕೆಳಗೆ ಇದ್ದದ್ದು ಒಂದೇ ಹೆಸರು. ಅದು ಮೆಟ್ಟಿಲ ಕೆಳಗೆ ನಿಂತಿದ್ದವರದ್ದು.

"ನನ್ ಹೆಸ್ರು ಯಾಕ್ ಬಂತು ಬುದ್ದಿ? ನಾನೇನಾರ ಆ ಗಳ ಕಟ್ಟಿದ್ನಾ?"

ಕಟ್ಟಿರಲಿಲ್ಲ. ಅವತ್ತು ರಾತ್ರಿ ಅವರು ಪರದೆ ಎಳೆಯುತ್ತಿದ್ದರು. ನಮ್ಮ ಸಂಘ ಶುರುವಾದಾಗಿಂದ ಅವರ ಕೆಲಸ ಅದೇ.

ಈ ಪ್ರಶ್ನೆಗೆ ನನ್ನಲ್ಲಿ ತಕ್ಷಣ ಉತ್ತರ ಇರಲಿಲ್ಲ. ಹುಡುಕಿಕೊಂಡು ಹೋದಾಗ ಸಿಕ್ಕ ಉತ್ತರ ನನಗೇ ಇಷ್ಟವಾಗಲಿಲ್ಲ. ಅದನ್ನೇ ಇಲ್ಲಿ ಬರೀತಿದ್ದೀನಿ.

*

ನಮ್ಮೂರು ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ, ಕಪಿಲೆ ಹರಿದು ಹೋಗಿ ಕಾವೇರಿ ಸೇರುವ ದಾರಿಯಲ್ಲಿದೆ. ಈ ಕಡೆಯ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕ ಆಡೋದು ಹಬ್ಬದಷ್ಟೇ ಮುಖ್ಯ. ಹೆಚ್ಚಾಗಿ 'ಕುರುಕ್ಷೇತ್ರ'. ಎರಡು ಮೂರು ತಿಂಗಳು ಹಾರ್ಮೋನಿಯಂ ಮೇಷ್ಟ್ರು ಬಂದು ಕಂದ, ಸೀಸಪದ್ಯ ಕಲಿಸುತ್ತಾರೆ. ಹೊಲದಲ್ಲಿ ನೀರು ಕಟ್ಟೋನು, ಡೇರಿಯಲ್ಲಿ ಹಾಲು ಅಳೆಯೋನು, ಬಸ್ ಕಂಡಕ್ಟರು, ಎಲ್ಲರೂ ರಾತ್ರಿ ಹೊತ್ತು ರಾಜರಾಗುತ್ತಾರೆ. ಸಂಬಳ ಇಲ್ಲ, ಬದಲಿಗೆ ಪಾತ್ರಧಾರಿಯೇ ದುಡ್ಡು ಕೊಡಬೇಕು. ಹೋದ ಸಲ ನಮ್ಮಲ್ಲಿ ದುರ್ಯೋಧನನಿಗೆ 25,000, ಕೃಷ್ಣನಿಗೆ 20,000, ಸಣ್ಣ ಪಾತ್ರಗಳಿಗೆ ಎರಡೋ ಮೂರೋ ಸಾವಿರ. ಆ ದುಡ್ಡಲ್ಲೇ ಸೀನರಿ, ಮೈಕು, ಲೈಟು, ಮೇಕಪ್ಪು.

ಸಂಘ ರಿಜಿಸ್ಟರ್ ಆದದ್ದು 1994ರಲ್ಲಿ. ನಮ್ಮ ದೊಡ್ಡಪ್ಪ ಕಾರ್ಯದರ್ಶಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘ ಕಟ್ಟೋಕೆ ಕಡಿಮೆ ಅಂದರೆ ಏಳು ಜನ ಬೇಕು. ಆರು ಜನ ನಮ್ಮ ಬೀದಿಯವರೇ ಸಿಕ್ಕಿದರು. ಅವತ್ತು ಮೈಸೂರಿಗೆ ಹೊರಡೋ ಹೊತ್ತಿಗೆ ಏಳನೆಯವರು ಯಾಕೋ ಬರಲಿಲ್ಲವಂತೆ. ಸೀನರಿ ಇಳಿಸುತ್ತಿದ್ದ ಇವರನ್ನು ಕರೆದು "ಬಾರೋ, ಇಲ್ಲೊಂದು ಸಹಿ ಹಾಕು" ಅಂದರು. ಅವರಿಗೆ ತಮ್ಮ ಹೆಸರು ಮಾತ್ರ ಬರೆಯಲು ಬರುತ್ತಿತ್ತು. ಬರೆದರು.

ಅಲ್ಲಿಗೆ ಮುಗೀತು. ಸಂಘದ ಸಭೆ ನಡೆಯುತ್ತಿದ್ದದ್ದು ನಮ್ಮ ದೊಡ್ಡಪ್ಪನ ಮನೆ ಪಡಸಾಲೆಯಲ್ಲಿ. ಅಲ್ಲಿಗೆ ಅವರನ್ನು ಒಂದು ದಿನವೂ ಕರೆಯಲಿಲ್ಲ. ಕರೆದಿದ್ದರೂ ಎಲ್ಲಿ ಕೂರಿಸುತ್ತಿದ್ದರು ಅನ್ನೋದು ನಮ್ಮೂರ ಬಲ್ಲ ಯಾರಿಗಾದರೂ ಗೊತ್ತು. ನಾವು ಚಡ್ಡಿ ಹಾಕ್ಕೊಂಡಿದ್ದ ಹುಡುಗರೂ ಅವರನ್ನು ಹೆಸರು ಹಿಡಿದು, ಏಕವಚನದಲ್ಲೇ ಕೂಗುತ್ತಿದ್ದೆವು. ಇದನ್ನು ಬರೆಯುವಾಗ ನಾಚಿಕೆ ಆಗುತ್ತೆ. ಆದರೆ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥ ಇಲ್ಲ.

ಕಾಯ್ದೆ ಪ್ರಕಾರ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯಲ್ಲಿ ಯಾರ್ಯಾರಿದ್ದಾರೆ ಅನ್ನೋ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಕೊಡಬೇಕು. ದೊಡ್ಡಪ್ಪ ಇರೋವರೆಗೆ ಹೇಗೋ ಕೊಡುತ್ತಿದ್ದರು, ಅದೂ ಪ್ರತಿ ವರ್ಷ ಹಳೇ ಪಟ್ಟಿಯನ್ನೇ. ಅವರು ಹೋದ ಮೇಲೆ ಯಾರೂ ಆ ಕಡೆ ತಲೆ ಹಾಕಲಿಲ್ಲ. ಬ್ಯಾಂಕ್ ಖಾತೆಗೆ ಸಹಿ ಮಾಡುವವರಿಲ್ಲದೆ ಅದೂ ನಿಂತುಹೋಯಿತು. ಏಳು ಹೆಸರಲ್ಲಿ ನಾಲ್ಕು ಜನ ತೀರಿಕೊಂಡರು. ಇಬ್ಬರು ಊರು ಬಿಡುವಾಗ ರಾಜೀನಾಮೆ ಬರೆದುಕೊಟ್ಟಿದ್ದರು, ಫೈಲಲ್ಲಿ ಇತ್ತು. ಹೊಸ ಸಮಿತಿ ಬರುವ ತನಕ ಹಳೆಯದೇ ಮುಂದುವರಿಯಬೇಕು ಅಂತ ನಮ್ಮ ಬೈಲಾದಲ್ಲಿ ಒಂದು ಸಾಲು ಇತ್ತು. ವಕೀಲರು ದಾಖಲೆ ತೆಗೆಸಿ ನೋಡಿದ್ದಾರೆ. ಉಳಿದದ್ದು ಒಂದೇ ಹೆಸರು.

*

ಹಾಗಾದರೆ ಅಷ್ಟು ವರ್ಷ ಸಂಘ ನಡೆಸಿದ್ದು ಯಾರು? ಎಲ್ಲರೂ, ಅಂದರೆ ಯಾರೂ ಅಲ್ಲ. ಕಳೆದ ನಾಲ್ಕು ವರ್ಷದಿಂದ, ನಿಜ ಹೇಳಬೇಕು ಅಂದರೆ, ನಾನು.

ನಾನು ಸದಸ್ಯನೇ ಅಲ್ಲ. ರಸೀದಿ ಹರಿಸಿಕೊಂಡಿಲ್ಲ, ಯಾವ ಪುಸ್ತಕದಲ್ಲೂ ನನ್ನ ಹೆಸರಿಲ್ಲ. ಆದರೆ ವಾಟ್ಸಾಪ್ ಗುಂಪು ಮಾಡಿದ್ದು ನಾನು. ಪಾತ್ರದ ದುಡ್ಡು ಬರುತ್ತಿದ್ದದ್ದು ನನ್ನ ಫೋನ್‌ಪೇಗೆ. ಸೀನರಿಯವರಿಗೆ, ಲೈಟಿನವರಿಗೆ ಅಡ್ವಾನ್ಸ್ ಕಳಿಸುತ್ತಿದ್ದವನೂ ನಾನೇ. "ಇಂಜಿನಿಯರ್ ಅಲ್ವಾ, ಲೆಕ್ಕ ಸರಿಯಾಗಿಡ್ತಾನೆ" ಅಂತ ಊರವರಿಗೆ ಖುಷಿ. ನಾನು ಬಿ.ಇ. ಓದಿದ್ದು ಕಂಪ್ಯೂಟರ್ ಸೈನ್ಸು. ಆದರೆ ನಮ್ಮೂರಲ್ಲಿ ಇಂಜಿನಿಯರ್ ಅಂದರೆ ಇಂಜಿನಿಯರ್, ಅಷ್ಟೆ.

ಅದಕ್ಕೇ ಆ ಸಂಜೆ ಲೈಟಿನ ಹುಡುಗ ನನ್ನ ಹತ್ತಿರ ಬಂದು ಹೇಳಿದ್ದು: "ಅಣ್ಣ, ಈ ಗಳ ಹಳೇವು. ಎಡಗಡೇದು ಅಲ್ಲಾಡ್ತಾ ಇದೆ. ಇನ್ನೆರಡು ಗಳ ತರಿಸಿ ಅಡ್ಡ ಕಟ್ಟಿಸಿ." ಆಗ ಏಳೂವರೆ. ಜನ ಬರೋಕೆ ಶುರುವಾಗಿದ್ದರು. ನಾನು, "ಇದೊಂದು ರಾತ್ರಿ ತಾನೆ, ಅಡ್ಜಸ್ಟ್ ಮಾಡ್ಕೊ" ಅಂದೆ.

ಅಟ್ಟಣೆ ಬಿದ್ದದ್ದು ಎರಡು ಗಂಟೆಗೆ. ಬೆಳಗಾಗುವ ಹೊತ್ತಿಗೆ ನಮ್ಮೂರಲ್ಲಿ ಸಂಘವೇ ಇರಲಿಲ್ಲ. ದುರ್ಯೋಧನ "ನಾನು ಬರೀ ಪಾತ್ರಧಾರಿ" ಅಂದ. ಭೀಮ "ನಾನೇ ದುಡ್ಡು ಕೊಟ್ಟು ಆಡ್ತಿರೋನು, ನನ್ನ ಕೇಳಿದ್ರೆ?" ಅಂದ. ಹಾರ್ಮೋನಿಯಂ ಮೇಷ್ಟ್ರು ಮೊದಲ ಬಸ್ಸಿಗೆ ಹೊರಟರು. ನಾನು ಹುಡುಗನನ್ನು ಆಸ್ಪತ್ರೆಗೆ ಸೇರಿಸಿ ಕೈಯಲ್ಲಿದ್ದ ಹನ್ನೆರಡು ಸಾವಿರ ಕಟ್ಟಿ ಬೆಂಗಳೂರಿಗೆ ಬಂದೆ. ನನ್ನ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ: ನಾನು ಯಾವ ಪದಾಧಿಕಾರಿನೂ ಅಲ್ಲ, ಸುಮ್ಮನೆ ಸಹಾಯ ಮಾಡ್ತಿದ್ದವನು. ಕಾಗದದ ಪ್ರಕಾರ ಅದು ಸತ್ಯ ಕೂಡ.

*

ನೋಟಿಸು ಬಂದ ಮೇಲೆ ಕಾನೂನು ಏನು ಹೇಳುತ್ತೆ ಅಂತ ಓದಿದೆ. ವಕೀಲ ಸ್ನೇಹಿತನ ತಲೆಯನ್ನೂ ತಿಂದೆ. ಪದಾಧಿಕಾರಿ ಯಾರು ಅನ್ನೋ ಪ್ರಶ್ನೆಗೆ ಕಾನೂನಿನಲ್ಲಿ ಒಂದೇ ಉತ್ತರ ಇಲ್ಲ. ಯಾಕೆ ಕೇಳುತ್ತಿದ್ದೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ.

ಮೊದಲನೆಯದು ಹೆಸರಿನ ಲೆಕ್ಕ. 1860ರ ಕೇಂದ್ರ ಕಾಯ್ದೆಯಲ್ಲಿ ಆಡಳಿತ ಮಂಡಳಿ ಅಂದರೆ ಸಂಘದ ನಿಯಮಗಳು ಯಾರಿಗೆ ಆಡಳಿತ ವಹಿಸಿವೆಯೋ ಅವರು. ಕೌನ್ಸಿಲ್ ಅನ್ನಿ, ಸಮಿತಿ ಅನ್ನಿ, ಟ್ರಸ್ಟಿಗಳು ಅನ್ನಿ, ಹೆಸರು ಮುಖ್ಯ ಅಲ್ಲ. ಸಂಘದ ಮೇಲೆ ದಾವೆ ಹಾಕುವವರು ಅಧ್ಯಕ್ಷರದ್ದೋ ಮುಖ್ಯ ಕಾರ್ಯದರ್ಶಿಯದ್ದೋ ಹೆಸರಲ್ಲಿ ಹಾಕಬಹುದು. ಹೊರಗಿನವನಿಗೆ ಹಿಡಿದುಕೊಳ್ಳಲು ಒಂದು ಹೆಸರು ಬೇಕಲ್ಲ, ಅದಕ್ಕೆ. ಸಮಾಧಾನದ ವಿಷಯ ಅಂದರೆ, ಹಾಗೆ ಬಂದ ತೀರ್ಪು ಜಾರಿಯಾಗೋದು ಸಂಘದ ಆಸ್ತಿ ಮೇಲೆಯೇ ಹೊರತು ಹೆಸರು ಕೊಟ್ಟವನ ಮನೆ ಮೇಲೆ ಅಲ್ಲ ಅಂತ ಅದೇ ಕಾಯ್ದೆ ಹೇಳುತ್ತೆ. ಇದನ್ನು ನಾನು ಮೊದಲು ಹೋಗಿ ಹೇಳಿದ್ದು ಆ ಹಿರಿಯರಿಗೆ. ಅವರು ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಎರಡನೆಯದು ಕೈಯ ಲೆಕ್ಕ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 'ಪ್ರಧಾನ ಅಧಿಕಾರಿ' ಅನ್ನೋದಕ್ಕೆ ಒಂದು ವಿವರಣೆ ಇತ್ತು. ಕಾರ್ಯದರ್ಶಿ, ಖಜಾಂಚಿ, ಮ್ಯಾನೇಜರು ಅಂತೆಲ್ಲ ಹೇಳಿದ ಮೇಲೆ, ಆಡಳಿತಕ್ಕೆ ಸಂಬಂಧಪಟ್ಟ ಯಾರಿಗಾದರೂ 'ನಿಮ್ಮನ್ನು ಪ್ರಧಾನ ಅಧಿಕಾರಿ ಅಂತ ಪರಿಗಣಿಸುತ್ತೇವೆ' ಅಂತ ತೆರಿಗೆ ಅಧಿಕಾರಿ ನೋಟಿಸು ಕೊಟ್ಟರೆ ಅವರೂ ಅದೇ. ಕುರ್ಚಿ ಬೇಡ, ಚುನಾವಣೆ ಬೇಡ. 2013ರ ಕಂಪನಿ ಕಾಯ್ದೆಯಲ್ಲೂ ಅಷ್ಟೆ. ಯಾರ ಸೂಚನೆಯಂತೆ ನಿರ್ದೇಶಕರು ನಡೆದುಕೊಳ್ಳುವ ರೂಢಿ ಇದೆಯೋ, ಆ ಹಿಂದೆ ಕೂತವನೂ 'ಅಧಿಕಾರಿ'ಯೇ. ಇನ್ನು ದುಡ್ಡಿನ ವಿಷಯಕ್ಕೆ ಬಂದರೆ, ನಂಬಿಕೆ ದ್ರೋಹದ ಅಪರಾಧಕ್ಕೆ ಕಾನೂನು ಕೇಳೋದು ನೀನು ಖಜಾಂಚಿಯಾ ಅಂತಲ್ಲ, ಆ ಆಸ್ತಿಯನ್ನು ನಿನಗೆ ವಹಿಸಿದ್ದರಾ ಅಂತ. ಹಳೆಯ ದಂಡ ಸಂಹಿತೆಯಲ್ಲೂ ಹೀಗೇ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹೀಗೇ ಇದೆ. ನನ್ನ ಫೋನ್‌ಪೇಯಲ್ಲಿದ್ದ ದುಡ್ಡನ್ನು ನಾನು ಮುಟ್ಟಿಲ್ಲ. ಆದರೆ ಮುಟ್ಟಿದ್ದರೆ 'ನಾನು ಸದಸ್ಯನೇ ಅಲ್ಲ' ಅನ್ನೋ ಮಾತು ಮೂರು ಕಾಸಿಗೂ ಬರುತ್ತಿರಲಿಲ್ಲ.

ಮೂರನೆಯದು ನಂಬಿದವರ ಲೆಕ್ಕ. 1981ರಲ್ಲಿ ಗೋಕರಾಜು ರಂಗರಾಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ವಿಚಿತ್ರ ಪ್ರಶ್ನೆ ಬಂತು. ಸೆಷನ್ಸ್ ನ್ಯಾಯಾಧೀಶರ ನೇಮಕವೇ ಆಮೇಲೆ ರದ್ದಾಯಿತು. ಹಾಗಾದರೆ ಅವರು ಅಷ್ಟರೊಳಗೆ ಕೊಟ್ಟ ತೀರ್ಪುಗಳ ಗತಿ ಏನು? ತೀರ್ಪುಗಳು ನಿಲ್ಲುತ್ತವೆ ಅಂತು ಕೋರ್ಟು. ಕುರ್ಚಿಯಲ್ಲಿ ಕೂತವರನ್ನು ನಂಬಿ ಬಂದ ಜನ ಪ್ರತಿ ಸಲವೂ ನೇಮಕಾತಿ ಪತ್ರ ತೋರಿಸಿ ಅಂತ ಕೇಳೋಕಾಗಲ್ಲ. ಅದು ಸರ್ಕಾರಿ ಹುದ್ದೆಗೆ ಹೇಳಿದ ಮಾತು, ನಾಟಕದ ಸಂಘಕ್ಕೆ ಹಾಗೇ ಎತ್ತಿಟ್ಟರೆ ತಪ್ಪಾಗುತ್ತೆ. ಆದರೆ ಅದರ ಹಿಂದಿನ ನ್ಯಾಯ ನೋಡಿ. ಆ ತತ್ವ ಇರೋದು ಅಧಿಕಾರಿಯನ್ನು ಉಳಿಸೋಕಲ್ಲ, ಅವನನ್ನು ನಂಬಿದವರನ್ನು ಉಳಿಸೋಕೆ. ಲೈಟಿನ ಹುಡುಗ ಅಷ್ಟು ಜನರ ಮಧ್ಯೆ ನನ್ನನ್ನೇ ಹುಡುಕಿಕೊಂಡು ಬಂದ. ಅವನ ಮಟ್ಟಿಗೆ ಸಂಘ ಅಂದರೆ ನಾನು.

*

ಇಲ್ಲಿ ಒಂದು ಆಕ್ಷೇಪ ಇದೆ, ಅದನ್ನು ತಳ್ಳಿಹಾಕೋಕಾಗಲ್ಲ. ನನ್ನ ಸ್ನೇಹಿತರೇ ಹೇಳಿದರು. "ಬಿಟ್ಟಿ ಕೆಲಸ ಮಾಡೋನ ತಲೆಗೇ ಎಲ್ಲಾ ಕಟ್ಟಿದರೆ ನಾಳೆ ಯಾರು ಬರ್ತಾರೆ? ಹವ್ಯಾಸ ಅನ್ನೋದು ಆಫೀಸಾ?" ನಿಜ. ಬೆಂಗಳೂರಿನಲ್ಲಿ ಹವ್ಯಾಸಿಗಳು ಕಟ್ಟಿದ ಎ.ಡಿ.ಎ.ಯಿಂದ ಹಿಡಿದು ನಮ್ಮಂಥ ಹಳ್ಳಿ ಸಂಘದ ತನಕ ಕನ್ನಡ ರಂಗಭೂಮಿಯ ದೊಡ್ಡ ಭಾಗ ನಿಂತಿರೋದೇ ಸಂಬಳ ಇಲ್ಲದವರ ಮೇಲೆ. ಅಮೆರಿಕದಲ್ಲಿ 1997ರಲ್ಲಿ ಸ್ವಯಂಸೇವಕರ ರಕ್ಷಣೆಗೆ ಅಂತಲೇ ಒಂದು ಕಾಯ್ದೆ ಮಾಡಿದರು. ಲಾಭಕ್ಕಲ್ಲದ ಸಂಸ್ಥೆಗೆ ಬಿಟ್ಟಿ ದುಡಿಯುವವನು ಮಾಡಿದ ಸಾಮಾನ್ಯ ತಪ್ಪಿಗೆ ಅವನ ಮೇಲೆ ವೈಯಕ್ತಿಕವಾಗಿ ಹೊಣೆ ಹೊರಿಸಬಾರದು ಅಂತ. ಒಳ್ಳೇದೇ. ಆದರೆ ಅಲ್ಲೂ ಘೋರ ನಿರ್ಲಕ್ಷ್ಯಕ್ಕೆ ಆ ರಕ್ಷಣೆ ಇಲ್ಲ, ಕಣ್ಣೆದುರಿನ ಅಪಾಯವನ್ನು ಲೆಕ್ಕಿಸದವನಿಗೂ ಇಲ್ಲ.

ನನಗೆ ಅನ್ನಿಸೋದು ಇಷ್ಟು. ದುಡ್ಡು ತಗೊಳ್ಳದೆ ಕೆಲಸ ಮಾಡಿದೆ ಅನ್ನೋದು ನನ್ನ ಒಳ್ಳೇತನಕ್ಕೆ ಸಾಕ್ಷಿ ಇರಬಹುದು. ಆದರೆ ಗಳು ಮುರಿಯೋಕೆ ಅದು ಗೊತ್ತಾಗಲ್ಲ. ಬಿಟ್ಟಿ ಕೆಲಸ ಮಾಡುವವನನ್ನು ದಂಡದಿಂದ ಉಳಿಸೋದು ಬೇರೆ, ಅವನು ಏನೂ ಮಾಡಿಯೇ ಇಲ್ಲ ಅನ್ನೋದು ಬೇರೆ. ನನ್ನ ಮೇಲೆ ದಯೆ ತೋರಿಸಬಹುದು. ಅಲ್ಲಿ ನಾನು ಇರಲೇ ಇಲ್ಲ ಅಂತ ಮಾತ್ರ ಬರೆಯೋಕಾಗಲ್ಲ.

ನಾವು ಆಡುವ ನಾಟಕದಲ್ಲೇ ಇದಕ್ಕೆ ಉತ್ತರ ಇತ್ತು, ಇಷ್ಟು ವರ್ಷ ನೋಡಿಯೂ ಕಂಡಿರಲಿಲ್ಲ. ಕುರುಕ್ಷೇತ್ರದಲ್ಲಿ ಪಾಂಡವರ ಸೇನಾಧಿಪತಿ ಯಾರು? ಹತ್ತು ಜನರನ್ನು ಕೇಳಿ, ಐದು ಜನ ಅರ್ಜುನ ಅಂತಾರೆ, ಐದು ಜನ ಕೃಷ್ಣ ಅಂತಾರೆ. ಸೇನಾಧಿಪತಿ ಧೃಷ್ಟದ್ಯುಮ್ನ. ನಮ್ಮೂರ ನಾಟಕದಲ್ಲಿ ಆ ಪಾತ್ರವೇ ಇಲ್ಲ, ಇದ್ದರೂ ಅದಕ್ಕೆ ಯಾರೂ ಐನೂರು ರೂಪಾಯಿ ಕೊಡುತ್ತಿರಲಿಲ್ಲ. ಕೃಷ್ಣನಿಗೆ ಪದವಿಯೇ ಇರಲಿಲ್ಲ. ಆಯುಧ ಹಿಡಿಯಲ್ಲ ಅಂದಿದ್ದ, ಬರೀ ಸಾರಥಿ. ಕಾಗದದ ಪ್ರಕಾರ ಸಹಾಯಕ್ಕೆ ಬಂದವನು. ಯುದ್ಧ ಮುಗಿದು ಹೆಣಗಳ ನಡುವೆ ಗಾಂಧಾರಿ ನಿಂತಾಗ ಅವಳು ಶಪಿಸಿದ್ದು ಯಾರನ್ನು? ಸೇನಾಧಿಪತಿಯನ್ನಲ್ಲ, ಕೃಷ್ಣನನ್ನು. ಅವಳ ವಾದ ಒಂದೇ: ತಡೆಯುವ ಶಕ್ತಿ ನಿನಗಿತ್ತು, ತಡೆಯಲಿಲ್ಲ. ಕೃಷ್ಣ 'ನಾನು ಪದಾಧಿಕಾರಿ ಅಲ್ಲ' ಅನ್ನಲಿಲ್ಲ. ಶಾಪ ಒಪ್ಪಿಕೊಂಡ.

ನನ್ನನ್ನು ಕೃಷ್ಣನಿಗೆ ಹೋಲಿಸಿಕೊಳ್ಳುತ್ತಿಲ್ಲ, ತಪ್ಪು ತಿಳೀಬೇಡಿ. ಗಾಂಧಾರಿಯ ಅಳತೆಗೋಲು ಸರಿ ಇದೆ ಅಂತಿದ್ದೀನಿ. ಆ ರಾತ್ರಿ ಏಳೂವರೆಗೆ 'ಎರಡು ಗಳ ತರಿಸಿ' ಅನ್ನೋ ಮಾತಿಗೆ ಹೂಂ ಅನ್ನುವ ಅಧಿಕಾರ ಯಾರಿಗಿತ್ತೋ ಅವನೇ ಅಧಿಕಾರಿ. ಇನ್ನೂರು ಮುನ್ನೂರು ರೂಪಾಯಿ ಕೆಲಸ. ದುಡ್ಡು ನನ್ನ ಜೇಬಲ್ಲೇ ಇತ್ತು.

*

ಇದರಷ್ಟೇ ದೊಡ್ಡದು ಇನ್ನೊಂದು ತಪ್ಪು, ಅದು ಕಾನೂನಿನ ಪುಸ್ತಕದಲ್ಲಿ ಸಿಗಲ್ಲ. ನಾನು ಅಧಿಕಾರ ಇಟ್ಟುಕೊಂಡು ಹೆಸರಿಂದ ತಪ್ಪಿಸಿಕೊಂಡೆ. ಅವರಿಗೆ ಅಧಿಕಾರ ಕೊಡದೆ ಹೆಸರು ಮಾತ್ರ ತಗೊಂಡರು. ಏಳು ತುಂಬಿಸೋಕೆ ಬೇಕಾಯಿತು, ಕುರ್ಚಿ ಹಾಕೋಕೆ ಬೇಡವಾಯಿತು.

ನನ್ನ ಆಫೀಸಲ್ಲಿ ಒಂದು ನಿಯಮ ಇದೆ. ಸರ್ವರಿನ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆಯೋ ಅವರ ಹೆಸರು ಪಟ್ಟಿಯಲ್ಲಿ ಇರಲೇಬೇಕು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಪಾಸ್‌ವರ್ಡ್ ಇರಲೇಬೇಕು. ಎರಡರಲ್ಲಿ ಒಂದು ತಪ್ಪಿದರೂ ಆಡಿಟ್ಟಲ್ಲಿ ಸಿಕ್ಕಿಬೀಳುತ್ತೇವೆ. ಮೂರು ತಿಂಗಳಿಗೊಮ್ಮೆ ನಾನೇ ಆ ಪಟ್ಟಿ ನೋಡಿ ಟಿಕ್ ಹಾಕುತ್ತೀನಿ. ಊರಿಗೆ ಬಂದಾಗ ಮಾತ್ರ ಆ ಬುದ್ಧಿ ನಂಜನಗೂಡು ಬಸ್‌ಸ್ಟ್ಯಾಂಡಲ್ಲೇ ಇಳಿದುಬಿಡುತ್ತಿತ್ತು ಅಂತ ಕಾಣುತ್ತೆ.

ಕಾನೂನು ಹೆಸರುಗಳ ಪಟ್ಟಿ ಕೇಳುವುದು ನಂಬಿಕೆ ಇಲ್ಲದೆ ಅಂತ ನಾನು ಅಂದುಕೊಂಡಿದ್ದೆ. 'ನಮ್ಮೂರ ನಾಟಕಕ್ಕೆ ಸರ್ಕಾರದ್ದೇನು' ಅಂತ. ಈಗ ಅನ್ನಿಸುತ್ತೆ, ವರ್ಷಕ್ಕೊಮ್ಮೆ ಆ ಪಟ್ಟಿ ತುಂಬಿಸುವಾಗ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತೆ: ನಮ್ಮಲ್ಲಿ ನಿಜವಾಗಿ ತೀರ್ಮಾನ ಮಾಡುವವರು ಯಾರು, ಅವರು ಅದನ್ನು ಒಪ್ಪಿಕೊಂಡಿದ್ದಾರಾ? ಇಷ್ಟು ವರ್ಷ ಆ ಪ್ರಶ್ನೆ ತಪ್ಪಿಸಿದೆವು. ಕೊನೆಗೆ ಅದು ಹೋಗಿ ತಪ್ಪಾದ ಮನೆ ಬಾಗಿಲು ತಟ್ಟಿತು.

*

ಆಮೇಲೆ ಏನಾಯಿತು ಅಂತ ಹೇಳಿ ಮುಗಿಸುತ್ತೀನಿ.

ಹುಡುಗನ ಮನೆಗೆ ನಾನೂ ದುರ್ಯೋಧನನೂ ಹೋದೆವು. ಹುಡುಗ ಸಂಜೆ ಹೇಳಿದ್ದನ್ನೂ ನಾನು ಕೊಟ್ಟ ಉತ್ತರವನ್ನೂ ಅವನ ತಂದೆಯ ಮುಂದೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದ ಮೊದ್ಲೇ ಬಂದ್ ಹೇಳಿದ್ರೆ ನಾನ್ಯಾಕ್ ವಕೀಲರ ಹತ್ರ ಹೋಗ್ತಿದ್ದೆ?" ಅಂದರು. ಖರ್ಚು ಒಟ್ಟು 1,80,000 ಆಗಿತ್ತು. ಅರ್ಧ ನಾನು ಕೊಟ್ಟೆ. ಉಳಿದದ್ದಕ್ಕೆ ಪಾತ್ರಧಾರಿಗಳು ಗೊಣಗುತ್ತಲೇ ಸೇರಿಸಿದರು. ಭೀಮ ಇನ್ನೂ ಕೊಟ್ಟಿಲ್ಲ. ಹುಡುಗ ಈಗ ಓಡಾಡುತ್ತಾನೆ, ಸ್ವಲ್ಪ ಕುಂಟುತ್ತಾನೆ. ಕಂಬ ಹತ್ತೋ ಕೆಲಸ ಇನ್ನು ಅವನಿಂದ ಆಗಲ್ಲ. ಆ ಲೆಕ್ಕ ಯಾವ ದುಡ್ಡಿನಲ್ಲೂ ಚುಕ್ತಾ ಆಗಿಲ್ಲ.

ಸಂಘವನ್ನು ಸರಿ ಮಾಡಬೇಕಿತ್ತು. ಸರ್ವಸದಸ್ಯರ ಸಭೆ ಕರೆಯೋಕೆ ಆಡಳಿತ ಮಂಡಳಿಯ ಸಹಿ ಬೇಕು. ಆಡಳಿತ ಮಂಡಳಿ ಅಂದರೆ ಈಗ ಒಬ್ಬರೇ. ಸಭೆಯ ತಿಳಿವಳಿಕೆ ಪತ್ರ ಟೈಪು ಮಾಡಿಸಿಕೊಂಡು ನಾನು ಕೆಳಗಿನ ಕೇರಿಗೆ ಹೋದೆ. ಅವರ ಮನೆ ಒಳಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ಚಾಪೆ ಹಾಸಿದರು, ಟೀ ಕೊಟ್ಟರು.

"ಯಜಮಾನ್ರೇ, ಇಲ್ಲೊಂದು ಸಹಿ ಬೇಕಿತ್ತು" ಅಂದೆ. ಹೇಳಿದ ಮೇಲೆ ನನ್ನ ಕಿವಿಗೇ ಅದು ದೊಡ್ಡಪ್ಪನ ಮಾತಿನ ಹಾಗೆ ಕೇಳಿಸಿತು.

ಅವರು ಪೆನ್ನು ತಗೊಂಡರು. ಕಾಗದದ ಮೇಲೆ ಇಡಲಿಲ್ಲ.

"ಆವತ್ತು ಯಾರೂ ಓದಿ ಹೇಳ್ಲಿಲ್ಲ. ಇವತ್ತು ಪೂರ್ತಿ ಓದಿ. ಆಮೇಲೆ ಹಾಕ್ತೀನಿ."

ಓದಿದೆ. ತಿಳಿವಳಿಕೆ ಪತ್ರ ಒಂದೇ ಪುಟ. ಅದು ಮುಗಿದ ಮೇಲೆ ಬೈಲಾನೂ ಓದಿ ಅಂದರು. ಹನ್ನೊಂದು ಪುಟ. ನಡುನಡುವೆ ನಿಲ್ಲಿಸಿ ಕೇಳಿದರು. ಖಜಾಂಚಿ ಅಂದ್ರೆ ಯಾರು, ಕೋರಂ ಅಂದ್ರೆ ಏನು, ಸದಸ್ಯ ಆಗೋಕೆ ಎಷ್ಟು ಕೊಡಬೇಕು, ತಮ್ಮ ಮೊಮ್ಮಗಳು ಪಿ.ಯು.ಸಿ. ಓದ್ತಾ ಇದ್ದಾಳೆ, ಹದಿನೆಂಟು ತುಂಬಿದ ಮೇಲೆ ಅವಳೂ ಆಗಬಹುದಾ. ಆಗಬಹುದು ಅಂದೆ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಸಹಿ ಹಾಕಿದರು, 1994ರ ಕಾಗದದಲ್ಲಿರುವ ಅದೇ ದಪ್ಪ ಅಕ್ಷರ.

ಸಭೆ ನಡೆದದ್ದು ದೊಡ್ಡಪ್ಪನ ಪಡಸಾಲೆಯಲ್ಲಲ್ಲ, ಶಾಲೆಯ ಕೊಠಡಿಯಲ್ಲಿ. ಎಲ್ಲರಿಗೂ ಒಂದೇ ಥರ ಬೆಂಚು. ಇಬ್ಬರು ಹಿರಿಯರು ಬರಲಿಲ್ಲ, ಯಾಕೆ ಅಂತ ಯಾರೂ ಕೇಳಲಿಲ್ಲ. ಯಜಮಾನರು ಅಧ್ಯಕ್ಷರಾಗಿ ಅಂತ ಕೆಲವರು ಒತ್ತಾಯ ಮಾಡಿದರು. "ಬೇಡ, ಪರದೆ ನೋಡ್ಕೊಳೋರು ಯಾರು?" ಅಂದರು. ಆದರೆ ಸಮಿತಿಯಲ್ಲಿ ಇರುತ್ತೀನಿ ಅಂದರು. ರಸೀದಿ ಹರಿಸಿಕೊಂಡು ನಾನು ಸದಸ್ಯನಾದೆ, ಖಜಾಂಚಿ ಸ್ಥಾನಕ್ಕೆ ನನ್ನ ಹೆಸರು ಬರೆಸಿದೆ. ನಡಾವಳಿ ಪುಸ್ತಕದಲ್ಲಿ ಮೊದಲ ತೀರ್ಮಾನ, ವೇದಿಕೆ ಮತ್ತು ಲೈಟಿನ ಅಟ್ಟಣೆಯನ್ನು ನಾಟಕದ ದಿನ ಮಧ್ಯಾಹ್ನ ಇಬ್ಬರು ನೋಡಿ ಸಹಿ ಹಾಕಬೇಕು, ಹಾಕದಿದ್ದರೆ ನಾಟಕ ಇಲ್ಲ.

ಆ ಇಬ್ಬರಲ್ಲಿ ಒಬ್ಬ ನಾನು. ಇನ್ನೊಬ್ಬರು ಯಾರು ಅಂತ ಹೇಳಬೇಕಾಗಿಲ್ಲ. ಅವರು ಗಳುವನ್ನು ಎರಡು ಸಲ ಅಲ್ಲಾಡಿಸಿ ನೋಡದೆ ಸಹಿ ಹಾಕಲ್ಲ.